ಹುಳದ ಮನೆಯ ಪಂಡಿತರಿಗೊಂದು ಬಹಿರಂಗ ಪತ್ರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಪೋಷಕ ಮಹಾಶಯರೇ, ತಾಯಂದಿರೇ,

ಮೊದಲಿಗೆ ಅಭಿನಂದನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿನ ಮೈಗೆ ಏಟು, ಮನಸ್ಸಿಗೆ ಹಿಂಸೆ ಎರಡನ್ನೂ ನಿಷೇಧಿಸಿತು. ಸಂಸತ್ತು ಮಾಡಿದ ಈ ಕಾಯ್ದೆಯನ್ನು ನೀವು ಸ್ಕೂಲ್ ಗೇಟಿನಲ್ಲಿ ನಿಂತು ಒಂದೇ ಮಾತಿನಲ್ಲಿ ರದ್ದು ಮಾಡುತ್ತೀರಿ: "ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರ್ಸಿ ಮೇಷ್ಟ್ರೇ, ನಾವೇನೂ ಕೇಳಕ್ಕಿಲ್ಲ." 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು, ಈ ಮಾತು ಮಾತ್ರ ಕದಲಲಿಲ್ಲ. ಹೊಡೆಯದೆ ಪಾಠ ಮಾಡಲು ಹೊರಟ ಮೇಡಂಗೆ 'ಅವರಲ್ಲಿ ಬಿಗಿ ಇಲ್ಲ' ಎಂಬ ಸರ್ಟಿಫಿಕೇಟು ಕೊಡುವವರೂ ನೀವೇ.

ನಿಮಗೆ ತಿಳಿವಳಿಕೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ನಿಮ್ಮ ರೇಷ್ಮೆ ಹುಳದ ಮನೆ ನೋಡಿದ್ದೇನಲ್ಲ! ಬಾಗಿಲಲ್ಲೇ ಚಪ್ಪಲಿ ಬಿಡುತ್ತೀರಿ, ಕೈ ತೊಳೆಯುತ್ತೀರಿ, ಬೀಡಿ ಆರಿಸುತ್ತೀರಿ. ಸೆಕೆ ಹೆಚ್ಚಾದರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತೀರಿ. ಹುಳ ಪೊರೆ ಬಿಡುವ ಜ್ವರಕ್ಕೆ ಕೂತರೆ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಜ್ವರದಿಂದ ಎದ್ದ ಮೇಲೆಯೇ ಮುಂದಿನ ಸೊಪ್ಪು. ನಾಲ್ಕು ಜ್ವರವೂ ಹೀಗೇ ಕಾಯುತ್ತೀರಿ. ಹುಳ ಮೇಯದಿದ್ದರೆ ಪಕ್ಕದ ತೋಟಕ್ಕೆ ಔಷಧಿ ಹೊಡೆದರೇ, ಸೊಪ್ಪು ಒದ್ದೆಯಿತ್ತೇ ಎಂದು ಕಾರಣ ಹುಡುಕುತ್ತೀರಿ. 'ಕೊಬ್ಬು ಜಾಸ್ತಿಯಾಗಿದೆ ಇದಕ್ಕೆ' ಎಂದು ಹುಳಕ್ಕೆ ನಾಲ್ಕು ಬಾರಿಸಿದ ರೈತನನ್ನು ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಕಾಣೆ. ಹೊಡೆಯುವ ಬದಲು ಕಾರಣ ಹುಡುಕುವ ಈ ರೀತಿಯನ್ನೇ ತಜ್ಞರು ಈಗ 'ಆಘಾತದ ಅರಿವಿರುವ ಶಾಲೆ' ಎಂದು ಕರೆದು ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಾರೆ. ನಿಮಗೆ ತರಬೇತಿ ಬೇಕಿಲ್ಲ. ಆದರೆ ಅದೇ ಮನೆಯ ಮಗು ವಾರವಿಡೀ ಕ್ಲಾಸಿನಲ್ಲಿ ಬಾಯಿ ಬಿಡದೆ ಕೂತರೆ ರೋಗವೂ ತಟ್ಟನೆ ಗೊತ್ತಾಗುತ್ತದೆ, ಮದ್ದೂ ಗೊತ್ತಾಗುತ್ತದೆ: ಸೋಮಾರಿತನ, ಎರಡೇಟು.

2022ರ ಆಗಸ್ಟ್ ಕೊನೆಯಲ್ಲಿ ಕೆರೆಗಳು ತುಂಬಿ ಹರಿದು ರಾಮನಗರದ ಮನೆಗಳಿಗೆ ನೀರು ನುಗ್ಗಿತು. ಆಮೇಲೆ ಮಳೆ ಬಂದಾಗಲೆಲ್ಲ ಕಿಟಕಿಯತ್ತ ನೋಡುವ ಹುಡುಗನಿಗೆ 'ಬೋರ್ಡ್ ನೋಡೋ' ಎಂಬ ಬೈಗುಳ. ಕನಕಪುರ, ಚನ್ನಪಟ್ಟಣದ ಕಾಡಂಚಿನಲ್ಲಿ ರಾತ್ರಿಯೆಲ್ಲ ಆನೆ ಓಡಿಸುವ ಪಟಾಕಿ. ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದವಳು ದಡ್ಡಿ. ಎಕ್ಸ್‌ಪ್ರೆಸ್‌ವೇ ಅಪಘಾತದಲ್ಲಿ ಅಪ್ಪನನ್ನು ಕಳಕೊಂಡವನಿಗೆ ತಿಥಿಯ ಮಾರನೆ ದಿನವೇ ಟೆಸ್ಟು. ಸಾಲದವರು ಬಾಗಿಲಲ್ಲಿ ನಿಂತು ತಾಯಂದಿರನ್ನು ಬೈದದ್ದು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುವಷ್ಟು ಜೋರಾಗಿ ಕೇಳಿಸಿತು, ಮೇಷ್ಟ್ರ ಕಿವಿಗೆ ಮಾತ್ರ ಬೀಳಲಿಲ್ಲ. "ಮನೆ ವಿಷ್ಯ ಇಸ್ಕೂಲಿಗ್ಯಾಕೆ, ಮರ್ವಾದಿ ಹೋಯ್ತದೆ" ಎಂದು ನೀವೇ ಅದನ್ನು ಹೊಸ್ತಿಲಲ್ಲಿ ತಡೆದಿರಿ.

'ನಾವೂ ಒದೆ ತಿಂದೇ ದೊಡ್ಡೋರಾದ್ದು' ಎನ್ನುತ್ತೀರಿ. ತಿಂದದ್ದು ಒದೆಯೊಂದೇ ಅಲ್ಲ. ಕರ್ನಾಟಕದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ ಸಾಲಕ್ಕೆ ಜೀತವಿದ್ದು ಬಿಸಿನೀರಿನೊಳಗೆ ಕೈ ಹಾಕಿ ಗೂಡಿನ ಎಳೆ ಹುಡುಕುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ತಂದಿತ್ತು. ರಾಮನಗರ, ಮಾಗಡಿಯ ರೀಲಿಂಗ್ ಮನೆಗಳನ್ನು ಬಲ್ಲವರಿಗೆ ಆ ವರದಿ ಓದುವ ಅಗತ್ಯವಿರಲಿಲ್ಲ. ಅಂದು ಹತ್ತು ವರ್ಷದವರಾಗಿದ್ದವರಿಗೆ ಇಂದು ಮೂವತ್ತು ದಾಟಿದೆ, ಅವರ ಮಕ್ಕಳು ಶಾಲೆಯಲ್ಲಿದ್ದಾರೆ. 'ನಾನೂ ಹಾಗೇ ಬೆಳೆದವನು' ಎಂದು ಮಗನ ಬೆರಳನ್ನು ಆ ನೀರಿಗೆ ಅದ್ದಿದ ಅಪ್ಪ ಯಾರಾದರೂ ಇದ್ದಾರೆಯೇ? ಪರಂಪರೆಯೆಂದು ಉಳಿಸಿಕೊಳ್ಳುವ ಭಾಗ್ಯ ಬೆತ್ತವೊಂದಕ್ಕೇ ದಕ್ಕಿತು.

ಇನ್ನು ನಿಮ್ಮ ಅಧಿಕಾರದ ವಿಷಯ. ಸರ್ಕಾರಿ ಶಾಲೆಯ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ ಅದೇ ಕಾಯ್ದೆಯ 21ನೇ ಕಲಂ. ಇಷ್ಟು ಬಹುಮತ ವಿಧಾನಸೌಧದಲ್ಲೂ ಸುಲಭಕ್ಕೆ ಸಿಗದು. ಅದನ್ನಿಟ್ಟುಕೊಂಡು ಅಲ್ಲಿ ನೀವು ಚರ್ಚಿಸುವುದು ಕಾಂಪೌಂಡು, ಸುಣ್ಣಬಣ್ಣ, ಅಧ್ಯಕ್ಷ ಯಾವ ಪಾರ್ಟಿಯವನು ಎಂಬುದು. ಒಮ್ಮೆ ಬೇರೇನಾದರೂ ಕೇಳಿ ನೋಡಿ. ಅಳು ಬಂದ ಮಗು ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಒಂದು ಮೂಲೆ ಉಂಟೇ? 'ಯಾಕೋ ಹಿಂಗಾಡ್ತೀಯ' ಎನ್ನುವ ಮುಂಚೆ 'ಏನಾಯ್ತು ಮಗಾ' ಎಂದು ಕೇಳುವಷ್ಟು ಪುರುಸೊತ್ತು ಮೇಷ್ಟ್ರಿಗಿದೆಯೇ? ಇಲ್ಲವಾದರೆ ಇನ್ನೊಬ್ಬ ಮೇಷ್ಟ್ರನ್ನು ಕೊಡಿ ಎಂದು ಬಿಇಒ ಕಚೇರಿಗೆ ಅರ್ಜಿ ಹಾಕಿದಿರಾ? ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿದೆಯೇ, ಅಥವಾ ಆ ಜಾಗವನ್ನು ದಾನಿಗಳ ಹೆಸರು ನುಂಗಿದೆಯೇ?

ಮನೆಯಲ್ಲಿ ಸಾವೋ ಜಗಳವೋ ಆದ ಮಾರನೆ ದಿನ ಮೇಷ್ಟ್ರಿಗೆ ಒಂದು ಚೀಟಿ ಬರೆದರೆ ಆಸ್ತಿ ಹೋಗುವುದಿಲ್ಲ: 'ರಾತ್ರಿ ನಿದ್ದೆಯಿಲ್ಲ, ಎರಡು ದಿನ ಎಬ್ಬಿಸಿ ಪ್ರಶ್ನೆ ಕೇಳಬೇಡಿ.' ಓದಲು ಬರೆಯಲು ಬಾರದವರು ಹೋಗಿ ಹೇಳಬಹುದು. ತಿಂಗಳಾದರೂ ಮಗು ಬೆಚ್ಚುವುದು ನಿಲ್ಲದಿದ್ದರೆ ತಾಯತ ಕಟ್ಟಿಸಿ, ಬೇಡ ಎನ್ನುವುದಿಲ್ಲ. ಜೊತೆಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೂ ಒಂದು ಫೋನ್ ಮಾಡಿ. ಸೈಟು ನೋಡಲು ದಿನಾ ಹೋಗುವ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಕೂಡ ಇದೆ.

ಕಾನ್ವೆಂಟಿನ ಪೋಷಕರು ನಗಬೇಕಿಲ್ಲ. 17ನೇ ಕಲಂ ಟೈ ಕಟ್ಟಿದವರಿಗೂ ಉಂಟು.

ಮುಂದಿನ ಪೋಷಕರ ಸಭೆಗೆ ಇಬ್ಬರೂ ಬನ್ನಿ. ಮಾರ್ಕೆಟ್ಟಿನಲ್ಲಿ ಗೂಡಿನ ಹರಾಜಿದೆ ಎಂದು ತಪ್ಪಿಸಿಕೊಳ್ಳಬೇಡಿ, ರೇಟು ಈಗ ಮೊಬೈಲಿಗೇ ಬರುತ್ತದೆ.

ಇಂತಿ,
ಸಭೆಯಲ್ಲಿ ನಿಮ್ಮ ಪಕ್ಕದ ಕುರ್ಚಿಯವನು