ಗ್ಯಾಸ್ಟ್ರಿಕ್ ಮಾತ್ರೆ: ಬಳಸುವ ಕ್ರಮ

ಮೊದಲು ಕಾಯಿಲೆಯನ್ನು ನೀವೇ ಗೊತ್ತುಮಾಡಿಕೊಳ್ಳಿ. ಎದೆ ಉರಿದರೆ ಗ್ಯಾಸ್ಟ್ರಿಕ್, ತೇಗು ಬಂದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. (ಎದೆ ಬಿಗಿದು, ಎಡಗೈ ಸೆಳೆದು, ಬೆವರು ಕಿತ್ತುಬಂದರೆ ಮಾತ್ರ ಈ ಕೈಪಿಡಿ ಬಿಸಾಕಿ ಆಸ್ಪತ್ರೆಗೆ ಓಡಿ.)

ಮೆಡಿಕಲ್ ಶಾಪಿನಲ್ಲಿ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಎಂದು ನಾಲಿಗೆ ಹೊರಳಿಸಬೇಕಿಲ್ಲ. 'ಖಾಲಿ ಹೊಟ್ಟೆದು ಒಂದು ಸ್ಟ್ರಿಪ್ ಕೊಡಿ' ಎಂದರೆ ಸಾಕು. ವೈದ್ಯರ ಚೀಟಿ ಬೇಕೆಂದು ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುತ್ತದೆ. ಅಕ್ಷರ ಸಣ್ಣದು, ಓದುವ ಗೋಜಿಗೆ ಯಾರೂ ಹೋಗುವುದಿಲ್ಲ.

ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಊಟಕ್ಕೆ ಸಜ್ಜಾಗಿ ಕೆಲಸ ಶುರುಮಾಡುವ ಆಮ್ಲದ ಪಂಪುಗಳನ್ನೇ ಈ ಮಾತ್ರೆ ಹಿಡಿದು ನಿಲ್ಲಿಸುವುದು. ಆದ್ದರಿಂದ ನೀವು ಮದುವೆಮನೆಯಲ್ಲಿ ನಾಲ್ಕು ಹೋಳಿಗೆ ಮುಗಿಸಿ, ಉರಿ ಹತ್ತಿದ ಮೇಲೆ ನುಂಗಿ.

ವೈದ್ಯರು ನಾಲ್ಕು ವಾರ ಎಂದಿದ್ದರೆ ನಾಲ್ಕು ವರ್ಷ ಎಂದು ಓದಿಕೊಳ್ಳಿ. ಆಹಾರದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಗೆ ಆಮ್ಲ ಬೇಕು. ಹಾಲು ಮೊಸರಿನಿಂದಷ್ಟೇ ಬಿ12 ಪಡೆಯುವ ಸಸ್ಯಾಹಾರಿಗಳು, ಜೊತೆಗೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಈ ಅಧ್ಯಾಯವನ್ನು ವಿಶೇಷ ಉತ್ಸಾಹದಿಂದ ಪಾಲಿಸಬಹುದು: ಮೆಟ್‌ಫಾರ್ಮಿನ್ ಕೂಡ ಬಿ12 ತಗ್ಗಿಸುತ್ತದೆ. ಪಾದ ಜುಮ್ಮೆಂದಾಗ ವಯಸ್ಸಾಯಿತು ಎಂದುಕೊಳ್ಳಿ. ರಕ್ತದಲ್ಲಿ ಮೆಗ್ನೀಷಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದರು. ಅಪರೂಪಕ್ಕೆ ಮೂತ್ರಪಿಂಡದಲ್ಲಿ ಉರಿಯೂತವಾಗುವುದೂ ಉಂಟು. ಮೂಳೆ ಮುರಿತದ ಸಂಬಂಧವೂ ಕಂಡಿದೆ. ಮಾತ್ರೆಯೇ ಕಾರಣವೆಂದು ಇನ್ನೂ ಸಾಬೀತಾಗಿಲ್ಲ.

ಈಗ ಮುಖ್ಯ ಅಧ್ಯಾಯ, ನಿಲ್ಲಿಸುವುದು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಥಟ್ಟನೆ ಬಿಟ್ಟುಬಿಡಿ. ಇಷ್ಟು ದಿನ ಅದುಮಿಟ್ಟ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ, ಹೊಟ್ಟೆಯ ತೊಂದರೆಯೇ ಇಲ್ಲದವರಿಗೆ ಎಂಟು ವಾರ ಇದೇ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ಮುಂದಿನ ವಾರಗಳಲ್ಲಿ ನೂರಕ್ಕೆ 44 ಜನರಿಗೆ ಎದೆಯುರಿ, ಹುಳಿತೇಗು, ಅಜೀರ್ಣದಂಥ ತೊಂದರೆ ಬಂತು; ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 15 ಮಂದಿಗೆ. ಕಾಯಿಲೆ ಇಲ್ಲದವರಿಗೂ ಮಾತ್ರೆಯೇ ಕಾಯಿಲೆ ಹಚ್ಚಿತ್ತು. ನೀವು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. 'ನೋಡಿ, ಇದಿಲ್ಲದೆ ನನಗೆ ಆಗೋದೇ ಇಲ್ಲ' ಎನ್ನುತ್ತಾ ಮರುದಿನವೇ ಹೊಸ ಸ್ಟ್ರಿಪ್ ತನ್ನಿ. ವೈದ್ಯರನ್ನು ಕೇಳಿ ಡೋಸ್ ಮೆಲ್ಲಗೆ ಇಳಿಸುವ ವಿಧಾನವೂ ಒಂದಿದೆ. ಅದರಲ್ಲಿ ಈ ನಾಟಕೀಯತೆ ಇಲ್ಲ.

ಸೂಚನೆ: ಹುಣ್ಣಿನಿಂದ ಹಿಂದೆ ರಕ್ತಸ್ರಾವವಾಗಿದ್ದು, ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವವರಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಅವರಿಗೆ ಈ ಮಾತ್ರೆ ನಿಜಕ್ಕೂ ಬೇಕು. ವೈದ್ಯರನ್ನು ಕೇಳದೆ ಬಿಡಬಾರದು.