ಈ ವಾರ ನಮ್ಮ ಬೀದಿಯಲ್ಲಿ

"ಮೇಷ್ಟ್ರೇ, ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಕರೆಂಟಿಲ್ಲ. ದೋಸೆಗೆ ರುಬ್ಬೋದಿದ್ರೆ ಇವತ್ತೇ ರುಬ್ಬಿಕೊಳ್ಳೋಕೆ ಹೇಳಿ ಅಮ್ಮಾವ್ರಿಗೆ."

"ಹೌದಾ? ಪೇಪರಲ್ಲಿ ಬಂದಿತ್ತೇನಮ್ಮ? ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹಾಗಾದ್ರೆ ಮೂಲೆ ಮನೆ ಅಜ್ಜಿಗೊಂದು ಮಾತು ಹೇಳಿಬಿಡು. ಅವರು ದಿನಾ ನೆಬ್ಯುಲೈಸರ್ ಹಾಕ್ಕೋತಾರೆ."

ಕಾಂಪೌಂಡ್ ಗೋಡೆಯ ಮೇಲೆ ಮೊಣಕೈ ಊರಿ ಆಡುವ ಇಂಥ ಮಾತನ್ನು ಕಾಡುಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕಲಾರೆ. ಈ ಎರಡು ಮಾತಿನಲ್ಲಿ ಒಂದು ಮನೆಯ ತಿಂಡಿ ಇದೆ, ಇನ್ನೊಂದು ಮನೆಯ ಉಸಿರು ಇದೆ. ನಾಳೆ ಆಗುವುದು ಇವತ್ತೇ ಗೊತ್ತಾದರೆ ಎರಡೂ ಸುಸೂತ್ರ. ಊರಿನ ಆಡಳಿತ ರಸ್ತೆ ಹಾಕಿದರೆ ಕಣ್ಣಿಗೆ ಕಾಣುತ್ತದೆ, ಪಾರ್ಕು ಮಾಡಿದರೆ ಕಾಣುತ್ತದೆ. ಮೊದಲೇ ತಿಳಿಸುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ತಿಳಿಸುವುದೇ ಅರ್ಧ ಸೇವೆ. ಆ ಅರ್ಧ ತಪ್ಪಿದರೆ ಉಳಿದರ್ಧ ಜನರ ಕೈ ಸೇರುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಇದನ್ನೇ ಹೇಳುತ್ತಿದ್ದೆ. ನಮ್ಮ ಬೆಂಗಳೂರಿನಲ್ಲಿ ವಾರ್ಡಿಗೆ ಒಂದರಂತೆ, ವಾರಕ್ಕೊಂದು ಹಾಳೆ ಬರಬೇಕು. ಒಂದೇ ಹಾಳೆ. ಯಾವತ್ತು ನೀರು, ಯಾವತ್ತು ಕರೆಂಟಿಲ್ಲ, ಯಾವ ಕ್ರಾಸಿನಲ್ಲಿ ರಸ್ತೆ ಅಗೆಯುತ್ತಾರೆ, ಲಸಿಕೆ ಎಲ್ಲಿ, ಇ-ಖಾತಾ ಶಿಬಿರ ಎಲ್ಲಿ, ಯಾವ ಮೈದಾನದಲ್ಲಿ ನಾಟಕ, ಯಾವ ದೇವಸ್ಥಾನದ ತೇರು, ಎಲ್ಲಾ ಅದರಲ್ಲಿರಬೇಕು. ಮೇಷ್ಟ್ರು ಗಿಡಕ್ಕೆ ನೀರು ಹಾಕುತ್ತಿದ್ದ ಪೈಪನ್ನು ಪಕ್ಕಕ್ಕಿಟ್ಟು ಬಂದರು. ವಿಷಯ ಅವರಿಗೆ ಹಿಡಿಸಿತು ಅಂತ ಅದರಲ್ಲೇ ಗೊತ್ತಾಯಿತು.

"ಮೊದಲು ನೀರಿಂದಲೇ ಶುರು ಮಾಡು" ಅಂದರು. ಸರಿಯಾದ ಮಾತೇ. ನಮ್ಮ ನಲ್ಲಿಯಲ್ಲಿ ಬರುವ ಕಾವೇರಿ ಪಕ್ಕದ ಕೆರೆಯಿಂದ ಬರುವುದಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಏರಿ ಬರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಊರಿಗೆ ಬಂತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಸಾಮರ್ಥ್ಯ ಸೇರಿತು. ಪಾಲಿಕೆಗೆ ಸೇರಿಕೊಂಡಿದ್ದ 110 ಹಳ್ಳಿಗಳ ಜನ ಎಷ್ಟೋ ಕಾಲದಿಂದ ಕಾದ ನೀರು ಅದು. ಇಷ್ಟು ದೂರದಿಂದ ಏರಿ ಬರುವ ನೀರಿಗೆ ರಿಪೇರಿ ಇದ್ದೇ ಇರುತ್ತದೆ. ಪೈಪು ಒಡೆಯುತ್ತದೆ, ಪಂಪು ನಿಲ್ಲಿಸಬೇಕಾಗುತ್ತದೆ, ಜೋಡಣೆ ಮಾಡಬೇಕಾಗುತ್ತದೆ. ಯಾರೂ ಅದಕ್ಕೆ ಬೇಡ ಅನ್ನುವುದಿಲ್ಲ. ಎರಡು ದಿನ ಮುಂಚೆ ಗೊತ್ತಾದ ಮನೆಯವರು ಸಂಪು ತುಂಬಿಸಿಕೊಳ್ಳುತ್ತಾರೆ, ಬಟ್ಟೆ ಒಗೆಯುವುದನ್ನು ಮುಂದಕ್ಕೆ ಹಾಕುತ್ತಾರೆ. ಗೊತ್ತಾಗದ ಮನೆಯವರು ಬೆಳಿಗ್ಗೆ ನಲ್ಲಿ ತಿರುಗಿಸಿ, ಬರೀ ಗಾಳಿಯ ಸದ್ದು ಕೇಳಿ, ಟ್ಯಾಂಕರಿಗೆ ದುಡ್ಡು ಹುಡುಕುತ್ತಾರೆ. ಸಂಪೇ ಇಲ್ಲದ ವಠಾರದವರಿಗೆ, ನಾಲ್ಕು ಕೊಡದಲ್ಲಿ ದಿನ ದೂಡುವವರಿಗೆ, ಈ ಸುದ್ದಿ ಎಲ್ಲರಿಗಿಂತ ಮೊದಲು ತಲುಪಬೇಕು. ತಲುಪುವುದು ಮಾತ್ರ ಎಲ್ಲರಿಗಿಂತ ಕೊನೆಗೆ.

ಮೇಷ್ಟ್ರು ಮಾಗಡಿ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. "ನಮ್ಮೂರಲ್ಲಿ ತಮಟೆ ಹೊಡೆದು ಸಾರೋರಮ್ಮ. ನಾಳೆ ಸಂತೆ ಇಲ್ಲ, ನಾಡಿದ್ದು ಕಂದಾಯ ಕಟ್ಟೋಕೆ ಶಾನುಭೋಗರು ಬರ್ತಾರೆ, ಕೆರೆ ಕೋಡಿ ಬಿದ್ದಿದೆ ದನ ಆ ಕಡೆ ಬಿಡಬೇಡಿ. ಮನೆಮನೆಯ ಮುಂದೆ ನಿಂತು ಹೇಳೋರು. ಓದು ಬರದ ನಮ್ಮಜ್ಜಿ ಎದ್ದು ಹೋಗಿ ಎದುರು ಪ್ರಶ್ನೆ ಕೇಳಿ ಬರೋಳು." ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು. "ಊರಿಗೆಲ್ಲಾ ಸುದ್ದಿ ಮುಟ್ಟಿಸಿದವನನ್ನ ಊರು ಮಾತ್ರ ಹೊಸಿಲ ಹೊರಗೇ ನಿಲ್ಲಿಸ್ತು. ಆ ಅನ್ಯಾಯವನ್ನ ಮರೆತು ಹಳೇ ಕಾಲ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆದ್ರೆ ಒಂದು ಮನೇನೂ ಬಿಡದೆ ಹೇಳಬೇಕು ಅನ್ನೋ ನಿಯಮ ಇತ್ತಲ್ಲ, ಅದು ದೊಡ್ಡದು."

ಆ ನಿಯಮ ಈಗ ಕಾನೂನಿನಲ್ಲೂ ಇದೆ ಅಂದೆ. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಅರ್ಜಿ ಹಾಕಿ, ಹತ್ತು ರೂಪಾಯಿ ಕಟ್ಟಿ, ಉತ್ತರಕ್ಕೆ ಕಾಯುವುದು ಅಂತಲೇ ಬಹಳ ಜನ ತಿಳಿದಿದ್ದಾರೆ. ಅದರ ನಾಲ್ಕನೇ ಕಲಂ ಬೇರೆಯದನ್ನೇ ಹೇಳುತ್ತದೆ. ಜನ ಕೇಳುವ ಮೊದಲೇ ಸರ್ಕಾರಿ ಸಂಸ್ಥೆಗಳು ತಾವಾಗಿಯೇ ಮಾಹಿತಿ ಹೊರಗೆ ಹಾಕಬೇಕು, ಆಯಾ ಊರಿನ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಅದನ್ನು ಹರಡಬೇಕು. ಹೇಗೆ ಹರಡಬೇಕು ಎಂದೂ ಬರೆದಿದೆ: ಸೂಚನಾ ಫಲಕ, ಪತ್ರಿಕೆ, ಬಹಿರಂಗ ಪ್ರಕಟಣೆ, ಪ್ರಸಾರ ಮಾಧ್ಯಮ, ಇಂಟರ್‌ನೆಟ್. ಮೇಷ್ಟ್ರಿಗೆ ಖುಷಿಯಾಯಿತು. "ಬಹಿರಂಗ ಪ್ರಕಟಣೆ ಅಂದ್ರೆ ನಮ್ಮ ತಮಟೆಯೇ ಆಯ್ತಲ್ಲ! ಈಗ ಕಸದ ಆಟೋದಲ್ಲಿ ಮೈಕ್ ಇದ್ದೇ ಇದೆ. ಹಾಡಿನ ಮಧ್ಯೆ ನಾಳೆ ನೀರಿಲ್ಲ ಅಂತ ಒಂದು ಸಾಲು ಸೇರಿಸಿದ್ರೆ ಸಾಕು."

ಈ ಮಾತು ನನಗೆ ಬಹಳ ಇಷ್ಟವಾಯಿತು. ಕಸದ ಆಟೋ ಹೋಗದ ಬೀದಿ ಕಡಿಮೆ. ಅದು ಬಂದಾಗ ಕೆಲಸದವರು, ಅಜ್ಜಂದಿರು, ಮಕ್ಕಳು, ಯಾರಾದರೊಬ್ಬರು ಹೊರಗೆ ಬಂದೇ ಬರುತ್ತಾರೆ. ಕಸದ ವಿಷಯವೂ ಹಾಳೆಯಲ್ಲಿ ಇರಬೇಕಾದದ್ದೇ. ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡೈಪರಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂದು ಹೈಕೋರ್ಟ್ 2015ರಲ್ಲೇ ಹೇಳಿದ್ದರೂ, ಹೊಸದಾಗಿ ಬಾಡಿಗೆಗೆ ಬಂದವರಿಗೆ ಒಣ ಕಸ ಯಾವತ್ತು ಒಯ್ಯುತ್ತಾರೆ ಎಂದು ಹೇಳುವವರಿಲ್ಲ. ಗೊತ್ತಿಲ್ಲದೆ ಎಲ್ಲ ಒಟ್ಟಿಗೆ ಕೊಟ್ಟರೆ, ಗಾಜಿನ ಚೂರಿನ ನಡುವೆ ಕೈ ಹಾಕಿ ಬೇರೆ ಮಾಡಬೇಕಾದವರು ಪೌರಕಾರ್ಮಿಕರು. ಬೇರೆ ಮಾಡದ ಕಸ ಕೊನೆಗೆ ಯಾವುದೋ ಹಳ್ಳಿಯ ಪಕ್ಕ ಗುಡ್ಡವಾಗುತ್ತದೆ. ಮಾವಳ್ಳಿಪುರದವರು, ಮಂಡೂರಿನವರು ನಮ್ಮ ಊರಿನ ಕಸದ ನಾತವನ್ನು ವರ್ಷಗಟ್ಟಲೆ ಉಂಡು, ಹೋರಾಡಿ ನಿಲ್ಲಿಸಬೇಕಾಯಿತು. ಒಂದು ಸಾಲಿನ ತಿಳುವಳಿಕೆ ಎಷ್ಟು ದೂರ ಹೋಗುತ್ತದೆ ನೋಡಿ.

"ಅದೆಲ್ಲಾ ಸರಿ, ಹಾಳೆ ಹೊರಡಿಸೋರು ಯಾರು?" ಎಂದು ಮೇಷ್ಟ್ರು ಕೇಳಿದ್ದು ನಿಜಕ್ಕೂ ಕಷ್ಟದ ಪ್ರಶ್ನೆ. ಕರೆಂಟಿನ ಸುದ್ದಿ ಬೆಸ್ಕಾಂನದು, ನೀರಿನದು ಜಲಮಂಡಳಿಯದು, ರಸ್ತೆಯದು ಪಾಲಿಕೆಯದು, ವಾಹನ ಸಂಚಾರದ್ದು ಪೊಲೀಸರದು. ತೊಂದರೆಯಾದರೆ 1912, 1916, 1533 ಎಂದು ಒಂದೊಂದಕ್ಕೆ ಒಂದೊಂದು ಸಂಖ್ಯೆ. ಅಷ್ಟು ಸಾಲದು ಎಂಬಂತೆ ಪಾಲಿಕೆಯೂ ಬದಲಾಯಿತು. 2007ರಲ್ಲಿ ಹುಟ್ಟಿದ ಬಿಬಿಎಂಪಿ ಹೋಗಿ, 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳು ಬಂದವು. ವಾರ್ಡಿನ ಗಡಿಗಳೂ ಹೊಸದಾಗಿ ಬಿದ್ದವು. "ನಮ್ಮ ಮನೆ ಈಗ ಯಾವ ಪಾಲಿಕೆಗೆ ಸೇರ್ತು?" ಎಂಬ ಪ್ರಶ್ನೆ ಎಷ್ಟು ಗೋಡೆಗಳ ಮೇಲೆ ಹಾದುಹೋಗಿದೆಯೋ! ಬೀದಿದೀಪ ಕೆಟ್ಟರೆ ಯಾವ ಕಚೇರಿಗೆ ಹೋಗಬೇಕು, ಅದು ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಇಷ್ಟನ್ನು ಹಾಳೆಯ ತಲೆಯ ಮೇಲೆ ಪ್ರತಿ ವಾರವೂ ಅಚ್ಚು ಹಾಕಬೇಕು. ಇಲಾಖೆಗಳು ಬೇರೆಬೇರೆ ಇರಲಿ. ಜನರ ವಾರ ಒಂದೇ. ಸೋಮವಾರ ನೀರು, ಮಂಗಳವಾರ ಕರೆಂಟು, ಬುಧವಾರ ಲಸಿಕೆ ಎಂದು ಒಂದೇ ಕಡೆ ಪೋಣಿಸಿ ಕೊಡುವುದು ವಾರ್ಡಿನ ಕಚೇರಿಗೆ ಆಗದ ಕೆಲಸವಲ್ಲ.

ಹಬ್ಬ, ಜಾತ್ರೆ, ಸಭೆ ಸಮಾರಂಭಗಳೂ ಅದೇ ಹಾಳೆಯಲ್ಲಿ ಇರಲಿ ಎಂದು ನಾನು ಹಟ ಹಿಡಿಯಲು ಕಾರಣವಿದೆ. ನಮ್ಮ ಊರಲ್ಲಿ ಸಂಭ್ರಮವನ್ನೂ ಸೌಕರ್ಯವನ್ನೂ ಬೇರೆ ಮಾಡಿ ನೋಡಲಾಗದು. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕೋಲಾರ, ಚಿಂತಾಮಣಿ, ಮಾಗಡಿ ಕಡೆಯವರು ರಾಶಿ ಹಾಕುತ್ತಾರೆ. ಮೊದಲ ಬೆಳೆ ದೊಡ್ಡ ಬಸವಣ್ಣನಿಗೆ, ಆಮೇಲೆ ನಮಗೆಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ ಗಾಡಿ ಓಡುವುದಿಲ್ಲ. ಪರಿಷೆಗೆ ಹೋಗುವವರಿಗೆ ಅದು ಸಂತೋಷದ ಸುದ್ದಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವರಿಗೆ ದಾರಿಯ ಚಿಂತೆ. ಎರಡೂ ಸೇರಿದರೇ ಪೂರ್ತಿ ಸುದ್ದಿ. ಚೈತ್ರ ಹುಣ್ಣಿಮೆಯ ಕರಗವೂ ಹಾಗೇ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ರಾತ್ರಿಯಿಡೀ ಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಹೊತ್ತವರು ಕೈ ಮುಟ್ಟಿಸದೆ, ಕಾಲ ಕೆಳಗೆ ನೋಡದೆ ನಡೆಯುವ ಆ ಹಾದಿಯಲ್ಲಿ ಒಂದು ಗುಂಡಿಯೂ ಇರಕೂಡದು, ಒಂದು ತಂತಿಯೂ ಜೋತುಬೀಳಕೂಡದು. ದೇವರ ಕೆಲಸ, ಪಾಲಿಕೆಯ ಕೆಲಸ ಎರಡೂ ಅಲ್ಲಿ ಒಂದೇ ರಸ್ತೆಯ ಮೇಲೆ ನಡೆಯುತ್ತವೆ. ಗಣೇಶನ ಹಬ್ಬಕ್ಕೆ ಮೂರ್ತಿಯನ್ನು ಯಾವ ಕಲ್ಯಾಣಿಯಲ್ಲಿ ಬಿಡಬೇಕು, ಸಂಚಾರಿ ಟ್ಯಾಂಕರ್ ಯಾವ ಸರ್ಕಲ್ಲಿಗೆ ಬರುತ್ತದೆ ಎಂದು ಮೊದಲೇ ಗೊತ್ತಾದರೆ ಕೆರೆ ಉಳಿಯುತ್ತದೆ, ಭಕ್ತಿಯೂ ಉಳಿಯುತ್ತದೆ.

ಇನ್ನೊಂದು ಲಾಭವನ್ನು ಮೇಷ್ಟ್ರೇ ಹೇಳಿದರು. "ಕರೆಂಟಿಲ್ಲ ಅನ್ನೋ ಸುದ್ದಿ ನೋಡೋಕೆ ಹಾಳೆ ತಗೊಂಡೋನು ಕೆಳಗೆ ಪಾರ್ಕಲ್ಲಿ ಮಕ್ಕಳ ಚಿತ್ರಕಲೆ ಇದೆ ಅಂತಾನೂ ನೋಡ್ತಾನೆ. ಮೊಮ್ಮಗನ್ನ ಕರ್ಕೊಂಡು ಹೋಗ್ತಾನೆ. ಅಲ್ಲಿ ಹಿಂದಿನ ಬೀದಿಯವರು ಸಿಗ್ತಾರೆ. ಹೆಸರು ಗೊತ್ತಾಗುತ್ತೆ. ಊರಾಗೋದು ಹಾಗೇ ಅಲ್ವೇನಮ್ಮ?"

ಬರೆಯುವ ಕನ್ನಡದ ಬಗ್ಗೆಯೂ ನಮ್ಮ ಮಾತು ಹೊರಳಿತು. "ತುರ್ತು ನಿರ್ವಹಣಾ ಕಾಮಗಾರಿ ನಿಮಿತ್ತ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ" ಎಂಬ ಧಾಟಿ ಎಲ್ಲರಿಗೂ ಪರಿಚಿತ. ಓದಿ ಮುಗಿಸಿದರೂ ನೀರು ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ. ನಲವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ಅಲ್ಲವೇ, ಮೇಷ್ಟ್ರು ಅಲ್ಲೇ ತಿದ್ದಿಕೊಟ್ಟರು: "ಮಂಗಳವಾರ ನೀರು ಬರುವುದಿಲ್ಲ. ಬುಧವಾರ ಸಂಜೆ ಬರುತ್ತದೆ. ತೀರಾ ಕಷ್ಟವಾದರೆ 1916ಕ್ಕೆ ಫೋನ್ ಮಾಡಿ." ಎದುರಿನ ಕಟ್ಟಡ ಕಾಯುವವನ ಮಗಳು ನಾಲ್ಕನೇ ಕ್ಲಾಸು. ಈ ಮೂರು ಸಾಲನ್ನು ಆ ಹುಡುಗಿ ಓದಿ ಅಪ್ಪನಿಗೆ ಹೇಳಬಲ್ಲಳು. ಸರ್ಕಾರದ ಮಾತಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ.

ವಾಟ್ಸಾಪಿನಲ್ಲಿ ಹಾಕಿದರೆ ಆಯಿತಲ್ಲ ಎಂದು ನನ್ನ ಮಗನೇ ಕೇಳುತ್ತಾನೆ. ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಗುಂಪಿನಲ್ಲಿ ಇರುವವರು ಮನೆ ಮಾಲೀಕರು. ಬಾಡಿಗೆಯವರು ಕೆಲವರು, ಕೂಲಿಯವರು ಯಾರೂ ಇಲ್ಲ. ಹಾಳೆಯನ್ನು ನಂದಿನಿ ಬೂತಿಗೆ, ನ್ಯಾಯಬೆಲೆ ಅಂಗಡಿಗೆ, ಅಂಗನವಾಡಿಗೆ, ಸರ್ಕಾರದ ‘ನಮ್ಮ ಕ್ಲಿನಿಕ್’ಗೆ, ದೇವಸ್ಥಾನ, ಮಸೀದಿ, ಚರ್ಚುಗಳ ಬಾಗಿಲಿಗೆ ಅಂಟಿಸಲಿ. ಜನ ಹೇಗೂ ಹೋಗುವ ಜಾಗಗಳಿವು, ಸುದ್ದಿಗಾಗಿ ಬೇರೆ ದಾರಿ ನಡೆಯಬೇಕಿಲ್ಲ.

ಕೊನೆಗೆ ಒಂದು ಅಂಕಣ ಬಹಳ ಮುಖ್ಯ. ಹೋದ ವಾರ ಹೇಳಿದ್ದು ಏನಾಯಿತು? ಮೂರನೇ ಕ್ರಾಸಿನ ಚರಂಡಿ ಸರಿಮಾಡುತ್ತೇವೆ ಎಂದಿದ್ದರು, ಆಯಿತೇ? ಆಗದಿದ್ದರೆ ಯಾಕೆ, ಇನ್ನು ಯಾವಾಗ? ಮೊದಲು ಇದನ್ನು ಕೇಳಲು ಕಾರ್ಪೊರೇಟರ ಮನೆ ಬಾಗಿಲಿತ್ತು. 2020ರ ಸೆಪ್ಟೆಂಬರಿಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯದೆ ಆ ಬಾಗಿಲೂ ಮುಚ್ಚಿತು. ಮೂರು ಲಕ್ಷಕ್ಕೆ ಮೇಲ್ಪಟ್ಟು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದಲೇ ಹೇಳುತ್ತಿದೆ. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಮಿತಿ ಸಭೆ ಸೇರುವ ಪದ್ಧತಿ ಬಂದಾಗ ಬೀದಿಯ ಹೆಂಗಸರು, ನಿವೃತ್ತರು ಎದ್ದು ನಿಂತು ಮಾತಾಡಿದ್ದುಂಟು. ಸಭೆ ಯಾವತ್ತು, ಎಷ್ಟು ಹೊತ್ತಿಗೆ, ಯಾವ ಕಚೇರಿಯಲ್ಲಿ ಎಂಬುದು ಮೊದಲೇ ಗೊತ್ತಿರದಿದ್ದರೆ ಎದ್ದು ಕೇಳುವ ಆ ಹಕ್ಕು ಇದ್ದೂ ಇಲ್ಲದಂತೆ. ಹೇಳಿದ್ದನ್ನು ಮತ್ತೆ ನೆನಪಿಸಿ ಲೆಕ್ಕ ಒಪ್ಪಿಸುವ ಹಾಳೆಯನ್ನು ಜನ ನಂಬುತ್ತಾರೆ. ನಂಬಿದವರು ಸಭೆಗೂ ಬರುತ್ತಾರೆ, ತೆರಿಗೆಯನ್ನೂ ಏಪ್ರಿಲಿನಲ್ಲೇ ಕಟ್ಟುತ್ತಾರೆ.

"ಹಾಗಾದ್ರೆ ಕಾಯೋದ್ಯಾಕೆ?" ಎಂದರು ಮೇಷ್ಟ್ರು. "ಪಾಲಿಕೆ ಕೊಡೋವರೆಗೆ ನಮ್ಮ ಬೀದಿದು ನಾವೇ ಬರೆಯೋಣ. ಪೇಪರಲ್ಲಿ ಬಂದದ್ದು, ಬೆಸ್ಕಾಂನವರು ಹಾಕಿದ್ದು, ನೀರು ಬಿಡೋ ಹುಡುಗ ಹೇಳಿದ್ದು, ಎಲ್ಲಾ ನೀನು ಕೂಡಿಸು. ಅಕ್ಷರ ನಂದು. ನಕಲು ತಗೊಂಡು ವಾರ್ಡ್ ಕಚೇರಿಗೂ ಒಂದು ಕೊಡೋಣ, ಪ್ರತಿ ವಾರ ನೀವೇ ಹೀಗೆ ಕೊಡಿ ಅಂತ ಅರ್ಜಿ ಸಮೇತ. ಬೀದಿ ಮಂದಿಯೆಲ್ಲ ಸಹಿ ಹಾಕಲಿ."

ಅರ್ಜಿ ಬರೆದಾಯಿತು. ಸಹಿಗಳು ಬೀಳುತ್ತಿವೆ. ನಿಮ್ಮ ಬೀದಿಯಲ್ಲೂ ಅಕ್ಷರ ದುಂಡಗಿರುವ ಮೇಷ್ಟ್ರೊಬ್ಬರು, ಸುದ್ದಿ ಕೂಡಿಸುವ ಅಕ್ಕನೊಬ್ಬಳು ಇದ್ದೇ ಇರುತ್ತಾರೆ. ಈ ವಾರವೇ ಅವರನ್ನು ಹಿಡಿಯಿರಿ. ಬೀದಿಬೀದಿಯಿಂದ ಅರ್ಜಿ ಹೋದರೆ ಕೊಡಬೇಕಾದವರು ಕೊಟ್ಟೇ ಕೊಡುತ್ತಾರೆ, ಯಾಕೆಂದರೆ ನಾವು ಕೇಳುತ್ತಿರುವುದು ಉಪಕಾರವಲ್ಲ, ನಮ್ಮ ಊರಿನ ಸುದ್ದಿ.