ಎರಡೂವರೆ ಗಿಗಾಬಿಟ್ ಅಡಾಪ್ಟರ್ ಮಹಾಶಯರ ಸನ್ನಿಧಿಗೆ

ಮಾನ್ಯ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಮಹಾಶಯರೇ,

ಬೆಳಗಾವಿಯ ಶಹಾಪುರದಿಂದ ಸಾಷ್ಟಾಂಗ ನಮಸ್ಕಾರಗಳು. ಮದುವೆ ವಿಡಿಯೊ ಎಡಿಟ್ ಮಾಡುವ ನಮ್ಮಂಥವರ ಮನೆಗೆ ತಾವು ದಯಮಾಡಿಸಿದ್ದು ದೊಡ್ಡ ಉಪಕಾರ. ಖಾನಾಪುರದಲ್ಲಿ ಸ್ಟುಡಿಯೊ ಇಟ್ಟಿರುವ ನಮ್ಮ ಮಾವನ ಮಗ ಒಂದು ಮದುವೆಗೆ 200 ಜಿಬಿ ತಂದು ಸುರಿಯುತ್ತಾನೆ. ಅದನ್ನು ನೆಟ್‌ವರ್ಕ್ ಸ್ಟೋರೇಜಿಗೆ ಹಾಕಲು ಗಿಗಾಬಿಟ್ ಪೋರ್ಟಿಗೆ ಅರ್ಧ ಗಂಟೆ ಬೇಕು. ಡಿಸ್ಕ್‌ಗಳೂ ಸಾಥ್ ಕೊಟ್ಟರೆ ತಮಗೆ ಹನ್ನೆರಡು ನಿಮಿಷ ಸಾಕು. ಇದು ನಿಜವೆಂದೇ ತಮ್ಮ ಮೇಲೆ ಇಷ್ಟು ಭಕ್ತಿ.

ಆದರೆ ಪ್ರಭುಗಳೇ, ಡಬ್ಬಿಯ ಮೇಲೆ ‘2.5’ ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡವರು, ಯುಎಸ್‌ಬಿ 3 ಪೋರ್ಟ್ ಬೇಕೇಬೇಕೆಂಬ ಮಾತನ್ನು ಇರುವೆಕಾಲಿನ ಅಕ್ಷರದಲ್ಲಿ ಮುದ್ರಿಸಿದ್ದೇಕೆ? ಯುಎಸ್‌ಬಿ 2ರ ಮಿತಿಯೇ 480 ಮೆಗಾಬಿಟ್. ಅಲ್ಲಿ ಸಿಕ್ಕಿಸಿದರೆ ಲ್ಯಾಪ್‌ಟಾಪಿನ ಸ್ವಂತ ಗಿಗಾಬಿಟ್ ಪೋರ್ಟಿಗಿಂತ ತಾವೇ ನಿಧಾನ. 5 ಗಿಗಾಬಿಟ್‌ನ ತಮ್ಮ ಅಣ್ಣನವರೂ 5 ಗಿಗಾಬಿಟ್ ಯುಎಸ್‌ಬಿ ಪೋರ್ಟಿನಲ್ಲಿ ಪೂರ್ತಿ ಐದನ್ನು ಕೊಡಲಾರರು. ಸಂಕೇತೀಕರಣಕ್ಕೇ ಐದರಲ್ಲೊಂದು ಪಾಲು ಹೋಗುತ್ತದೆ.

ಗೋಡೆ ಒಡೆಯದ ಔದಾರ್ಯಕ್ಕಂತೂ ಕೈಮುಗಿಯುತ್ತೇವೆ. ಹಳೆಯ ಕ್ಯಾಟ್ 5ಇ ಕೇಬಲ್ಲಿನಲ್ಲೇ 100 ಮೀಟರ್‌ವರೆಗೆ ಓಡಬಹುದೆಂದು ಐಇಇಇ 2016ರಲ್ಲೇ ಮಾನದಂಡ ಮಾಡಿಕೊಟ್ಟಿದೆ. ಆ ಕೇಬಲ್ ಶುದ್ಧ ತಾಮ್ರದ್ದಾಗಿರಬೇಕು. ಅಗ್ಗಕ್ಕೆ ಸಿಗುವುದೋ ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ. ಅಲ್ಯುಮಿನಾ ಕಾರ್ಖಾನೆಯಿರುವ ಊರಿನವರು ನಾವು, ಆ ಲೋಹದ ಮೇಲೆ ದ್ವೇಷವಿಲ್ಲ. ಆದರೆ ಅದು ಬೇಗ ಮುರಿಯುತ್ತದೆ, ರೋಧವೂ ಹೆಚ್ಚು. ಖಾನಾಪುರದ ಮಳೆಗಾಲದಲ್ಲಿ ಜಾಕಿನೊಳಗಿನ ಪಿನ್ ಕಿಲುಬು ಹಿಡಿಯಿತೆಂದರೆ, ಎಂಟು ಎಳೆಗಳಲ್ಲಿ ಒಂದು ಸಂಪರ್ಕ ತಪ್ಪಿದರೂ ತಾವು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದುಬಿಡುವುದುಂಟು. ದೀಪ ಮಾತ್ರ ಪಿಳಿಪಿಳಿ ಅನ್ನುತ್ತಲೇ ಇರುತ್ತದೆ. ನಮ್ಮ ಮಾವನ ಮಗ ರಾತ್ರಿಯಿಡೀ ಕಂಪ್ಯೂಟರನ್ನೇ ಬೈಯುತ್ತ ಕೂರುತ್ತಾನೆ.

ಇನ್ನೊಂದು ಬಿನ್ನಹ. ನಡುವಿನ ಸ್ವಿಚ್ಚೋ ರೌಟರೋ, ಆಚೆ ತುದಿಯ ಸ್ಟೋರೇಜೋ 2.5 ಅಲ್ಲದಿದ್ದರೆ ತಾವು ಬಂದೂ ಬಾರದಂತೆಯೇ. ಅಂಗಡಿಯ ಕಟ್ಟೆಯ ಮೇಲೆ ಈ ಮಾತು ಯಾರೂ ಆಡುವುದಿಲ್ಲ. ಖಾನಾಪುರದಿಂದ ಬಸ್ ಹತ್ತಿ ಬಂದು, ಒಂದು ಸೀಸನ್ನಿನ ಗಳಿಕೆಯಲ್ಲಿ ತಮ್ಮನ್ನು ಕೊಂಡೊಯ್ಯುವವನಿಗೆ ಮನೆ ಮುಟ್ಟಿದ ಮೇಲಷ್ಟೇ ಗೊತ್ತಾಗುವುದು ಅನ್ಯಾಯ.

ಆದ್ದರಿಂದ ಪೋರ್ಟ್ ಯಾವುದು, ಕೇಬಲ್ ಎಂಥದು, ಆಚೆ ತುದಿಯಲ್ಲಿ ಏನಿರಬೇಕು ಎಂಬುದನ್ನು ಆ ‘2.5’ರಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲೂ, ಡಬ್ಬಿಯ ಮುಂಬದಿಗೆ ಅಚ್ಚು ಹಾಕಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ,
ಶಹಾಪುರದ ಒಬ್ಬ ವಿಡಿಯೊ ಎಡಿಟರ್